ಕ್ಲಚ್ಚು ಎಲ್ಲಿ ಹಿಡಿಯಬೇಕು? ಹಳೆಯ ಜೀಪು, ಕಾರು ಇರುವ ಬೆಳೆಗಾರರಿಗೆ ಕೆಲವು ಸೂಚನೆಗಳು

ಕೊಯ್ಲಿನ ಕಾಲ ಬಂತೆಂದರೆ ಗೋಣಿಚೀಲ, ಕಣ, ಪಲ್ಪರ್ ಎಲ್ಲವನ್ನೂ ಮುಂಚಿತವಾಗಿ ನೋಡಿಕೊಳ್ಳುವ ನಾವು, ಮನೆಯ ಹಳೆಯ ಜೀಪನ್ನು ಮಾತ್ರ ಅದು ನಿಂತ ಮೇಲೆಯೇ ನೆನೆಯುತ್ತೇವೆ. ನಮಗೂ ಹೀಗೇ ಆಯಿತು. ಅದನ್ನು ಮೊದಲು ಹೇಳಿಬಿಡುತ್ತೇವೆ.

ನಮ್ಮ ಜೀಪಿನ ಕ್ಲಚ್ಚು ಪೆಡಲು ತೀರ ಕೆಳಗೆ ಬಂದಾಗ ಹಿಡಿಯುತ್ತದೆ, ಕಾಲಿಗೆ ಸರಿಬರುವುದಿಲ್ಲ ಎಂದು ನಾವೇ ದೂರಿ, ಮೇಲೆಯೇ ಹಿಡಿಯುವ ಹಾಗೆ ತಂತಿಯನ್ನು ಬಿಗಿ ಮಾಡಿಸಿದೆವು. ಒಂದು ವಾರ ಬಹಳ ಹಗುರವೆನಿಸಿತು. ಆಮೇಲೆ ಹಣ್ಣಿನ ಚೀಲಗಳನ್ನು ಹೇರಿಕೊಂಡು ತೋಟದ ಏರು ಹತ್ತುವಾಗ ಸುಟ್ಟ ವಾಸನೆ ಬಂತು. ಎಂಜಿನ್ನು ಕಿರುಚಿತೇ ಹೊರತು ಗಾಡಿ ಮುಂದೆ ಹೋಗಲಿಲ್ಲ, ಹಿಂದಕ್ಕೆ ಸರಿಯಿತು. ಹಿಂದೆ ಕುಳಿತಿದ್ದ ಆಳುಗಳು ಕೆಳಗೆ ಹಾರಿ ಚಕ್ರಕ್ಕೆ ಕಲ್ಲು ಕೊಟ್ಟರು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಎರಡು ದಿನ ಜೀಪು ಅಲ್ಲೇ ಬಿತ್ತು. ಅದೇ ದಿನ ಪಲ್ಪ್ ಆಗಬೇಕಾದ ಹಣ್ಣು ಚೀಲದಲ್ಲೇ ಬಿಸಿಯೇರಿ ಹಾಳಾಯಿತು.

ತಪ್ಪು ಎಲ್ಲಿತ್ತು? ಅದು ತಿಳಿಯಬೇಕಾದರೆ ಕ್ಲಚ್ಚು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡಬೇಕು.

ಎಂಜಿನ್ನಿನ ಜೊತೆ ತಿರುಗುವ ಫ್ಲೈವೀಲಿಗೂ, ಸ್ಪ್ರಿಂಗಿನ ಬಲದಿಂದ ಒತ್ತುವ ಪ್ರೆಷರ್ ಪ್ಲೇಟಿಗೂ ನಡುವೆ ಕ್ಲಚ್ ಪ್ಲೇಟು ಇದೆ. ಅದು ಬಿಗಿಯಾಗಿ ಸಿಕ್ಕಿಕೊಂಡಿದ್ದಾಗ ಎಂಜಿನ್ನಿನ ಶಕ್ತಿ ಗೇರ್ ಬಾಕ್ಸಿಗೆ ಹೋಗುತ್ತದೆ. ಪೆಡಲನ್ನು ಒತ್ತಿದಾಗ ರಿಲೀಸ್ ಬೇರಿಂಗು ಮುಂದೆ ಸರಿದು ಪ್ರೆಷರ್ ಪ್ಲೇಟಿನ ಬೆರಳುಗಳನ್ನು ಒತ್ತುತ್ತದೆ, ಹಿಡಿತ ಬಿಡುತ್ತದೆ. ಪೆಡಲು ಬಿಡುತ್ತಾ ಬಂದಾಗ ಗಾಡಿ ಮೆಲ್ಲನೆ ಎಳೆಯಲು ಶುರುವಾಗುವ ಜಾಗವೇ ಕ್ಲಚ್ಚು ಹಿಡಿಯುವ ಜಾಗ.

ಪೆಡಲನ್ನು ಬೆರಳಿನಿಂದ ಒತ್ತಿದರೆ ಆರಂಭದಲ್ಲಿ ಸ್ವಲ್ಪ ದೂರ ಬರಿದಾಗಿ ಹೋಗಿ ಆಮೇಲೆ ಭಾರ ಸಿಕ್ಕಬೇಕು. ಈ ಬರಿದಾದ ದೂರಕ್ಕೆ ಮೆಕ್ಯಾನಿಕ್ಕರು ಫ್ರೀ ಪ್ಲೇ ಎನ್ನುತ್ತಾರೆ. ನಮ್ಮ ಮಲೆನಾಡಿನಲ್ಲಿ ಇನ್ನೂ ಓಡುತ್ತಿರುವ ತಂತಿ ಕ್ಲಚ್ಚಿನ ಹಳೆಯ ಜೀಪುಗಳಲ್ಲಿ ಇದು ಸುಮಾರು 1ರಿಂದ 1½ ಅಂಗುಲ ಇರಬೇಕು. ಬೇರೆ ಗಾಡಿಗಳಿಗೆ ಅವುಗಳ ಕೈಪಿಡಿಯಲ್ಲಿ ಕೊಟ್ಟ ಅಳತೆಯೇ ಪ್ರಮಾಣ.

ಪ್ಲೇಟು ಸವೆದಂತೆ ಆ ಬೆರಳುಗಳು ಬೇರಿಂಗಿನ ಕಡೆಗೆ ಬರುತ್ತವೆ. ಫ್ರೀ ಪ್ಲೇ ತಾನಾಗಿಯೇ ಕಡಿಮೆಯಾಗಿ, ಹಿಡಿಯುವ ಜಾಗ ಮೇಲಕ್ಕೆ ಏರುತ್ತದೆ. ಫ್ರೀ ಪ್ಲೇ ಪೂರ್ತಿ ಹೋದರೆ, ಚಾಲಕನ ಕಾಲು ಪೆಡಲಿನ ಮೇಲೆ ಇಲ್ಲದಿದ್ದರೂ ಕ್ಲಚ್ಚು ಅರ್ಧ ಒತ್ತಿದಂತೆಯೇ ಇರುತ್ತದೆ. ಪ್ಲೇಟು ಜಾರಿ ಸುಡುತ್ತದೆ, ಬೇರಿಂಗು ಸದಾ ತಿರುಗಿ ಸವೆಯುತ್ತದೆ. ನಾವು ತಂತಿ ಬಿಗಿ ಮಾಡಿಸಿ ತಂದುಕೊಂಡದ್ದು ಇದೇ ಸ್ಥಿತಿಯನ್ನು. ಇನ್ನು ಫ್ರೀ ಪ್ಲೇ ಅತಿಯಾದರೆ ಪೆಡಲು ತಳ ಮುಟ್ಟಿದರೂ ಕ್ಲಚ್ಚು ಪೂರ್ತಿ ಬಿಡದು. ಗೇರು ಕರಕರ ಎನ್ನುತ್ತದೆ.

ಆದ್ದರಿಂದ ಮುಖ್ಯ ಮಾತು ಇದು: ಕ್ಲಚ್ಚು ಹಿಡಿಯುವ ಜಾಗವನ್ನು ಕಾಲಿನ ಅನುಕೂಲಕ್ಕೆ ಹೊಂದಿಸಬಾರದು. ಫ್ರೀ ಪ್ಲೇಯನ್ನು ಅಳತೆಗೆ ಹೊಂದಿಸಬೇಕು. ಹಿಡಿಯುವ ಜಾಗ ಅದರ ಹಿಂದೆ ಬರುತ್ತದೆ.

ಹೊಂದಿಸುವ ಕ್ರಮ:

1. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ನು ಆರಿಸಿ, ಹ್ಯಾಂಡ್ ಬ್ರೇಕು ಹಾಕಿ, ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಬೇಕು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಗ್ಗಕೂಡದು.

2. ಪೆಡಲಿನ ಪಕ್ಕದಲ್ಲಿ ಅಡಿಪಟ್ಟಿ ಹಿಡಿದು, ಬೆರಳಿನಿಂದ ಒತ್ತಿ, ಭಾರ ಸಿಗುವವರೆಗಿನ ದೂರವನ್ನು ಅಳೆಯಬೇಕು.

3. ಕೆಳಗೆ ತಂತಿಯ ಅಥವಾ ಸರಳಿನ ತುದಿಯಲ್ಲಿರುವ ಲಾಕ್ ನಟ್ಟನ್ನು ಸಡಿಲಿಸಬೇಕು. ತಂತಿಯನ್ನು ಸಡಿಲ ಬಿಟ್ಟರೆ ಫ್ರೀ ಪ್ಲೇ ಹೆಚ್ಚುತ್ತದೆ, ಬಿಗಿ ಮಾಡಿದರೆ ಕಡಿಮೆಯಾಗುತ್ತದೆ. ಒಂದೊಂದೇ ಸುತ್ತು ತಿರುಗಿಸಿ ಪುನಃ ಅಳೆಯಬೇಕು.

4. ಅಳತೆ ಬಂದ ಮೇಲೆ ಲಾಕ್ ನಟ್ಟನ್ನು ಬಿಗಿ ಮಾಡಿ, ಪೆಡಲನ್ನು ಹತ್ತಾರು ಸಲ ಒತ್ತಿ ಬಿಟ್ಟು, ಮತ್ತೊಮ್ಮೆ ಅಳೆಯಬೇಕು.

5. ಕೊನೆಗೆ ಪರೀಕ್ಷೆ. ಎಂಜಿನ್ನು ನಿಧಾನ ಓಡುವಾಗ ಪೆಡಲನ್ನು ಪೂರ್ತಿ ಒತ್ತಿ, ಕೆಲವು ಕ್ಷಣ ತಡೆದು, ರಿವರ್ಸ್ ಗೇರು ಹಾಕಬೇಕು. ಸದ್ದಿಲ್ಲದೆ ಬಿದ್ದರೆ ಕ್ಲಚ್ಚು ಸರಿಯಾಗಿ ಬಿಡುತ್ತಿದೆ. ಬಳಿಕ ಎದುರಿಗೆ ಯಾರೂ ಇಲ್ಲದ ಸಮನೆಲದಲ್ಲಿ, ಹ್ಯಾಂಡ್ ಬ್ರೇಕಿನ ಜೊತೆ ಕಾಲಿನ ಬ್ರೇಕನ್ನೂ ಒತ್ತಿಹಿಡಿದು, ಮೇಲಿನ ಗೇರಿನಲ್ಲಿ ಕ್ಲಚ್ಚನ್ನು ಮೆಲ್ಲನೆ ಬಿಡಬೇಕು. ಎಂಜಿನ್ನು ನಿಲ್ಲಬೇಕು. ನಿಲ್ಲದೆ ಓಡುತ್ತಲೇ ಇದ್ದರೆ ಪ್ಲೇಟು ಜಾರುತ್ತಿದೆ. ಈ ಪರೀಕ್ಷೆಯನ್ನು ಪದೇ ಪದೇ ಮಾಡಬಾರದು.

ಅಳತೆ ಸರಿಯಿದ್ದೂ ಕ್ಲಚ್ಚು ತೀರ ಕೆಳಗೇ ಹಿಡಿದರೆ ದೋಷ ಬೇರೆ ಕಡೆ ಇದೆ. ಕೊಂಡಿಗಳ ಪಿನ್ನು ಮತ್ತು ಅವುಗಳ ತೂತು ಸವೆದಿರಬಹುದು, ತಂತಿಯ ಎಳೆ ಬಿಚ್ಚಿರಬಹುದು, ಪೆಡಲಿನ ಬುಷ್ ಹೋಗಿರಬಹುದು. ಪಿನ್ನಿನ ಬೆಲೆ ಸ್ವಲ್ಪ, ಪ್ಲೇಟು ಬದಲಿಸಲು ಗೇರ್ ಬಾಕ್ಸನ್ನೇ ಇಳಿಸಬೇಕು. ಹೊಂದಿಸುವ ನಟ್ಟಿನ ಎಳೆಯೆಲ್ಲ ಮುಗಿದಿದ್ದರೆ ಪ್ಲೇಟಿನ ಆಯುಸ್ಸೂ ಮುಗಿಯಿತೆಂದು ತಿಳಿಯಬೇಕು.

ಹಳೆಯ ಸ್ಪೋರ್ಟ್ಸ್ ಕಾರನ್ನು ಅಕ್ಕರೆಯಿಂದ ಇಟ್ಟುಕೊಂಡಿರುವ ಬೆಳೆಗಾರರೂ ಇದ್ದಾರೆ. ಚಿಕ್ಕಮಗಳೂರಿನ ತೋಟದ ದಾರಿಗಳಲ್ಲಿ ರ‍್ಯಾಲಿ ಓಡುವವರಂತೆ ಕ್ಲಚ್ಚು ಬೇಗ ಹಿಡಿಯಲಿ ಎಂಬ ಆಸೆ ಅವರಿಗೂ ಇರುತ್ತದೆ. ಅವರಿಗೂ ನಿಯಮ ಇದೇ. ಆ ಕಾರುಗಳಲ್ಲಿ ಅನೇಕವು ತಂತಿಯ ಬದಲು ದ್ರವದ ಒತ್ತಡದಿಂದ ಕೆಲಸ ಮಾಡುತ್ತವೆ. ಪೆಡಲು ಮೆತ್ತಗಾಗಿ, ಎರಡು ಮೂರು ಸಲ ತುಳಿದ ಮೇಲೆ ಸರಿಯಾದರೆ, ಪೈಪಿನಲ್ಲಿ ಗಾಳಿ ಸೇರಿದೆ ಅಥವಾ ದ್ರವ ಸೋರುತ್ತಿದೆ. ಅಲ್ಲಿ ನಟ್ಟು ತಿರುಗಿಸಿ ಪ್ರಯೋಜನವಿಲ್ಲ, ಗಾಳಿ ತೆಗೆಸಬೇಕು.

ಸುಲೇಪೇಟ, ಸೇಡಂ ಕಡೆಯ ತೊಗರಿ ಬಯಲಿನ ಟ್ರ್ಯಾಕ್ಟರಿಗೂ, ನಮ್ಮ ಮನೆಗಳಿಗೆ ಶಹಾಬಾದಿನ ಹಾಸುಗಲ್ಲು ತರುವ ಲಾರಿಗೂ ಕ್ಲಚ್ಚಿನ ನಿಯಮ ಒಂದೇ. ಆದರೆ ಬಯಲಿನಲ್ಲಿ ಜಾರುವ ಕ್ಲಚ್ಚಿನಿಂದ ಗಾಡಿ ನಿಲ್ಲುತ್ತದೆ ಅಷ್ಟೆ. ನಮ್ಮ ಏರಿನಲ್ಲಿ ಹಿಂದಕ್ಕೆ ಉರುಳುತ್ತದೆ. ಏರಿನಲ್ಲಿ ಗಾಡಿಯನ್ನು ಹಾಫ್ ಕ್ಲಚ್ಚಿನಲ್ಲಿ ತಡೆದು ನಿಲ್ಲಿಸುವ ಅಭ್ಯಾಸವನ್ನೂ ಬಿಡಬೇಕು. ಅದಕ್ಕೆ ಹ್ಯಾಂಡ್ ಬ್ರೇಕು ಇದೆ.

ಇನ್ನೊಂದು ಎಚ್ಚರಿಕೆ. ಹಳೆಯ ಕ್ಲಚ್ ಪ್ಲೇಟುಗಳ ಧೂಳಿನಲ್ಲಿ ಕಲ್ನಾರು ಇರಬಹುದು. ಅದು ಶ್ವಾಸಕೋಶಕ್ಕೆ ಅಪಾಯಕಾರಿ. ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ತಿಂಗಳಿಗೊಮ್ಮೆ ಅಳೆದು, ಆ ಅಂಕಿಯನ್ನು ತೋಟದ ಲೆಕ್ಕದ ಪುಸ್ತಕದಲ್ಲೇ ಬರೆದಿಡಿ. ಅಂಕಿ ಇಳಿಯುತ್ತಾ ಬಂದರೆ ಪ್ಲೇಟು ಸವೆಯುತ್ತಿದೆ ಎಂದು ಮೊದಲೇ ತಿಳಿಯುತ್ತದೆ. ದೀಪಾವಳಿಯ ಸುಮಾರಿಗೆ, ಅಡಿಕೆ ಕೊನೆಯೂ ಕಾಫಿ ಹಣ್ಣೂ ಒಟ್ಟಿಗೆ ಬರುವ ಮುನ್ನ, ಒಂದು ಬೆಳಗನ್ನು ಈ ಕೆಲಸಕ್ಕೆ ಬಿಡುವು ಮಾಡಿಕೊಳ್ಳುವುದು ಒಳ್ಳೆಯದು. ಬೇಕಾದದ್ದು ಎರಡು ಸ್ಪಾನರು, ಒಂದು ಅಡಿಪಟ್ಟಿ.