ಚೋಮ ಕೇಳಿದ್ದು ದಾನವನ್ನಲ್ಲ

ಮೈಮುರಿದು ದುಡಿದರೆ ಯಾರಾದರೂ ಮೇಲೆ ಬರಬಹುದು ಎಂಬ ಮಾತನ್ನು ನಾವೆಲ್ಲ ಕೇಳಿಯೇ ಬೆಳೆದವರು. ಶಿವರಾಮ ಕಾರಂತರ ‘ಚೋಮನ ದುಡಿ’ ಈ ಮಾತಿಗೇ ಸವಾಲೊಡ್ಡುತ್ತದೆ. 1933ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ಇತ್ತೀಚೆಗೆ ಮತ್ತೆ ಓದಿದಾಗ, ಇದು ಜಾತಿಯ ಕಥೆ ಮಾತ್ರವಲ್ಲ, ದುಡಿಮೆ ಮತ್ತು ಪ್ರತಿಫಲದ ಕಥೆಯೂ ಹೌದು ಎನಿಸಿತು.

ಚೋಮನಲ್ಲಿ ಹುರುಪಿಗೆ ಕೊರತೆಯಿಲ್ಲ. ಹಟ್ಟಿಯಲ್ಲಿ ಎತ್ತುಗಳಿವೆ, ತೋಳಿನಲ್ಲಿ ಬಲವಿದೆ. ಇಲ್ಲದ್ದು ಒಂದೇ, ತನ್ನದೆಂದು ಉಳಲು ತುಂಡು ಗದ್ದೆ. ಅಸ್ಪೃಶ್ಯನೆನಿಸಿಕೊಂಡವನು ಬೇಸಾಯಗಾರನಾಗಕೂಡದೆಂಬುದು ಊರಿನ ಕಟ್ಟಳೆ. ಸಾಲ ತೀರಿಸಲೆಂದು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಅಲ್ಲಿ ಬೆವರು ಅವರದು, ಲೆಕ್ಕ ಧಣಿಯದು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಹಿರಿಯರಿಗೆ ಇದು ಪುಸ್ತಕದ ಸಂಗತಿಯಲ್ಲ. ಜಿಲ್ಲೆಯಲ್ಲಿ ಹಿಂದೆ ಮುಖ್ಯವಾಗಿ ಎರಡು ಬಗೆಯ ಗೇಣಿಗಳಿದ್ದವು. ಮೂಲಗೇಣಿದಾರನ ಹಕ್ಕು ಶಾಶ್ವತ, ಗೇಣಿಯೂ ನಿಗದಿ. ಭೂಮಿ ಸುಧಾರಿಸಿದರೆ ಲಾಭ ಅವನಿಗೇ. ಚಾಲಗೇಣಿಯವನಿಗೆ ಆ ಭರವಸೆಯಿರಲಿಲ್ಲ. ಧಣಿ ಗೇಣಿ ಏರಿಸಬಹುದಿತ್ತು, ಬೇಡವೆಂದರೆ ಬಿಡಿಸಬಹುದಿತ್ತು. ಅಂಥವನು ತೆಂಗಿನ ಸಸಿ ನೆಡುವ ಮುನ್ನ ಎರಡು ಬಾರಿ ಯೋಚಿಸಿದರೆ ಅದನ್ನು ಸೋಮಾರಿತನ ಎನ್ನಲಾದೀತೆ? ನಾಳೆಯ ಫಲ ಯಾರದೆಂದು ತಿಳಿಯದೆ ಇಂದು ಯಾರು ಮೈ ಬಗ್ಗಿಸುತ್ತಾರೆ? ಚೋಮನಾದರೋ ಈ ಎರಡೂ ಮೆಟ್ಟಿಲುಗಳ ಕೆಳಗಿದ್ದವನು.

ದೇವರಾಜ ಅರಸರ ಸರಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ಭೂನ್ಯಾಯ ಮಂಡಳಿಗೆ ಅರ್ಜಿ ಸಲ್ಲಿಸಿ ಒಡೆಯರಾದರು. ನಮ್ಮ ಜಿಲ್ಲೆಯ ಚಿತ್ರವನ್ನೇ ಬದಲಿಸಿದ ಕಾಯಿದೆ ಅದು. ಆದರೆ ಹಕ್ಕು ಸಿಕ್ಕಿದ್ದು ಗೇಣಿಗೆ ಹಿಡಿದವನಿಗೆ. ಗೇಣಿಯೇ ಇಲ್ಲದೆ ಕೂಲಿಗೆ ಉತ್ತವನಿಗೆ ಗುಡಿಸಲಿನ ಅಡಿಸ್ಥಳದಾಚೆ ದಕ್ಕಿದ್ದು ಕಡಿಮೆ. ಮರುವರ್ಷ, 1975ರಲ್ಲಿ, ಬಂಟ್ವಾಳ ತಾಲೂಕಿನ ಮಂಚಿಯವರಾದ ಬಿ.ವಿ. ಕಾರಂತರು ಕಾದಂಬರಿಯನ್ನು ಚಲನಚಿತ್ರವಾಗಿಸಿದರು. ಅದು ಸ್ವರ್ಣಕಮಲ ಪಡೆಯಿತು. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂತು. ಕಾನೂನು ಬಂದ ಮೇಲೂ ಚೋಮನ ಪ್ರಶ್ನೆ ಹಳತಾಗಿರಲಿಲ್ಲ.

ಈ ಪ್ರದೇಶದ ಇನ್ನೊಂದು ದುಡಿಮೆಯನ್ನು ನೋಡಿ. ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸಿಗೆ ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಹೆಚ್ಚು ಕಟ್ಟಿದರೆ ಹೆಚ್ಚು ಹಣ. ಮೇಲ್ನೋಟಕ್ಕೆ ಇದಕ್ಕಿಂತ ನೇರವಾದ ಉತ್ತೇಜನವಿಲ್ಲ. ಆದರೆ ದರ ಗೊತ್ತುಮಾಡುವವರು ಬೇರೆ. ಬ್ರಾಂಚಿನಲ್ಲಿ ಯಾವ ಬೀಡಿ ಸರಿ, ಯಾವುದು ಸರಿಯಿಲ್ಲ ಎಂದು ಹೇಳುವವರೂ ಬೇರೆ. ಕೈಯ ವೇಗ ಮಾತ್ರ ಅವಳದು.

ಹೆಚ್ಚು ದುಡಿದವನಿಗೆ ಹೆಚ್ಚು ಸಿಗಬೇಕೆಂಬುದರಲ್ಲಿ ತಪ್ಪಿಲ್ಲ. ಆದರೆ ದುಡಿಯಲು ನೆಲವನ್ನೇ ಕೊಡದೆ, ದುಡಿಯಲಿಲ್ಲವೆಂದು ದೂರುವುದು ಯಾವ ನ್ಯಾಯ? ಚೋಮ ಕೇಳಿದ್ದು ದಾನವನ್ನಲ್ಲ, ಉಳುವ ಅವಕಾಶವನ್ನು. ಅದು ಸಿಗದಾಗ ಅವನ ಕೈಗೆ ಉಳಿದದ್ದು ದುಡಿ ಮಾತ್ರ.