ಗಾಜಿನ ಮೇಲೆ ಪಾತ್ರದಾಟ



ಕಳೆದ ಚಳಿಗಾಲದ ಒಂದು ಬೆಳಗ್ಗೆ, ಕರೋಲ್ ಬಾಗಿನ ನಮ್ಮ ಕೊಠಡಿಯಲ್ಲಿ ಅಕ್ಕನ ಮಗನು ಫೋನನ್ನು ಹಾಸಿಗೆಯ ಮೇಲೆ ಎಸೆದು, “ಮಾಮಾ, ಇದು ಕೆಟ್ಟೈತಿ. ಎಷ್ಟ ಒತ್ತಿದ್ರೂ ಅಂವ ಹೆಜ್ಜಿ ಇಡವಲ್ಲ” ಎಂದು ಅಳುಮೋರೆ ಮಾಡಿದನು. ಹಾವೇರಿಯಿಂದ ಬಂದು ಎರಡೇ ತಿಂಗಳಾಗಿದ್ದ ಆ ಹುಡುಗನಿಗೆ ಹಿಂದಿ ಬಾರದು, ಗೆಳೆಯರಿಲ್ಲ, ಫೋನಿನೊಳಗಿನ ಆಟವೊಂದೇ ಅವನ ಜೊತೆ. ಆದುದರಿಂದ ನಾವು ಅವನನ್ನು ಕರೆದುಕೊಂಡು ಸಮೀಪದ ಗಫಾರ್ ಮಾರ್ಕೆಟ್ಟಿಗೆ ಹೋದೆವು. ಖಾನ್ ಅಬ್ದುಲ್ ಗಫಾರ್ ಖಾನರ ಹೆಸರನ್ನು ಹೊತ್ತ ಆ ಪೇಟೆಯಲ್ಲಿ ಫೋನು ರಿಪೇರಿಯ ಅಂಗಡಿಗಳು ಹೇರಳವಾಗಿವೆ. ಅಂಗಡಿಯವರು ಫೋನನ್ನು ಮುಟ್ಟಿ ನೋಡಿದರು. ಬಳಿಕ ಹುಡುಗನ ಕೈಗಳನ್ನು ನೋಡಿ ನಕ್ಕುಬಿಟ್ಟರು. ಅವನು ಉಣ್ಣೆಯ ಕೈಗವಸು ತೊಟ್ಟಿದ್ದನು!

ಇದರ ಕಾರಣವನ್ನು ನಾವೆಲ್ಲರೂ ತಿಳಿಯಬೇಕು. ಫೋನಿನ ಗಾಜಿನಡಿಯಲ್ಲಿ ಕಣ್ಣಿಗೆ ಕಾಣದ ವಿದ್ಯುದ್ವಾಹಕ ರೇಖೆಗಳು ಬಲೆಯಂತೆ ಹರಡಿರುತ್ತವೆ. ನಮ್ಮ ದೇಹವೂ ವಿದ್ಯುದ್ವಾಹಕವೇ. ಬೆರಳು ತಾಗಿದೆಡೆಯಲ್ಲಿ ರೇಖೆಗಳ ವಿದ್ಯುದಾವೇಶವು ತುಸು ಬದಲಾಗುತ್ತದೆ; ಆ ಬದಲಾವಣೆಯಿಂದ ಯಂತ್ರವು ಬೆರಳಿನ ಸ್ಥಾನವನ್ನು ಲೆಕ್ಕ ಹಾಕುತ್ತದೆ. ದಪ್ಪ ಉಣ್ಣೆಯು ಇದಕ್ಕೆ ಅಡ್ಡಿ. ನೀರಿನ ಹನಿಯು ಬಿದ್ದರೆ ಮುಟ್ಟದೆಡೆಯಲ್ಲಿಯೂ ಮುಟ್ಟಿದಂತಾಗುವುದುಂಟು. ಗಾಜಿಗೆ ಬೇಕಾದುದು ಸ್ಪರ್ಶವೇ ಹೊರತು ಬಲವಲ್ಲ.

ಹುಡುಗನು ಆಡುತ್ತಿದ್ದುದು ಪಾತ್ರದಾಟ, ಎಂದರೆ ಆಡುವವನು ಒಬ್ಬ ಪಾತ್ರಧಾರಿಯಾಗಿ ಕಥೆಯೊಳಗೆ ನಡೆಯುವ ಆಟ. ಯಕ್ಷಗಾನದಲ್ಲಿ ವೇಷ ಕಟ್ಟಿದವನು ಅರ್ಜುನನಾಗುವಂತೆ, ಇಲ್ಲಿ ನಾವು ವೀರನೋ ಮಂತ್ರವಾದಿಯೋ ಆಗುತ್ತೇವೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಮೇಜಿನ ಸುತ್ತ ಕುಳಿತು, ದಾಳ ಉರುಳಿಸಿ ಆಡುವ ಆಟವದು. ನಮ್ಮ ಪಗಡೆಯಲ್ಲಿ ಕಾಯಿ ನಡೆಸುತ್ತೇವೆ. ಅಲ್ಲಿ ಕಥೆಯನ್ನೇ ನಡೆಸುತ್ತಾರೆ. ಮುಂದೆ ಇಂಥ ಆಟಗಳು ಯಂತ್ರಗಳನ್ನು ಸೇರಿದವು. ಜಪಾನಿನಲ್ಲಿ 1986ರಲ್ಲಿ ‘ಡ್ರ್ಯಾಗನ್ ಕ್ವೆಸ್ಟ್’, 1987ರಲ್ಲಿ ‘ಫೈನಲ್ ಫ್ಯಾಂಟಸಿ’, ಕಂಪ್ಯೂಟರಿನಲ್ಲಿ 1998ರಲ್ಲಿ ‘ಬಾಲ್ಡರ್ಸ್ ಗೇಟ್’ ಬಂದವು. ಇವೆಲ್ಲವೂ ಈಗ ಫೋನಿನಲ್ಲಿ ದೊರೆಯುತ್ತವೆ.

ಕೈಗವಸು ಕಳಚಿದರೂ ಹುಡುಗನ ಕಷ್ಟವು ಪೂರ್ತಿ ತೀರಲಿಲ್ಲ. ‘ಡ್ರ್ಯಾಗನ್ ಕ್ವೆಸ್ಟ್’ ಮೊದಲು ಹುಟ್ಟಿದುದು ಗುಂಡಿಗಳುಳ್ಳ ಯಂತ್ರಕ್ಕಾಗಿ. ಗುಂಡಿಗೆ ಅಂಚುಂಟು, ಹೆಬ್ಬೆರಳು ನೋಡದೆಯೇ ಅದನ್ನು ಅರಿಯುತ್ತದೆ. ಗಾಜಿನ ಮೇಲಾದರೋ ಗುಂಡಿಯ ಚಿತ್ರ ಮಾತ್ರವಿದೆ, ಅಂಚಿಲ್ಲ. ಬೆರಳು ಜಾರಿ, ವೀರನು ವಿಷದ ಜೌಗಿನೊಳಗೆ ಕಾಲಿಟ್ಟರೆ ಹೆಜ್ಜೆಹೆಜ್ಜೆಗೂ ಅವನ ಶಕ್ತಿ ಕುಂದುತ್ತದೆ. ‘ಬಾಲ್ಡರ್ಸ್ ಗೇಟ್’ನಂತಹ ಆಟಗಳಲ್ಲಿ ಬೇರೊಂದು ತೊಡಕು: ಮೌಸಿನ ಸಣ್ಣ ಬಾಣಕ್ಕಾಗಿ ಬರೆದ ಚಿತ್ರಗಳನ್ನು ಬೆರಳೇ ಮರೆಮಾಡುತ್ತದೆ.

ಹಾಗಿದ್ದರೂ ಈ ಹಳೆಯ ಆಟಗಳು ಗಾಜಿಗೆ ಒಗ್ಗಿಕೊಂಡಿವೆ. ಏಕೆಂದರೆ ಅವು ಕಾಯಬಲ್ಲವು. ‘ಡ್ರ್ಯಾಗನ್ ಕ್ವೆಸ್ಟ್’ನ ಯುದ್ಧದಲ್ಲಿ ನಮ್ಮ ಸರದಿ ಬಂದಾಗ, ನಾವು ಆಲೋಚಿಸಿ ಆಜ್ಞೆ ಕೊಡುವವರೆಗೆ ಶತ್ರುವೂ ಸುಮ್ಮನಿರುತ್ತಾನೆ. ‘ಬಾಲ್ಡರ್ಸ್ ಗೇಟ್’ನಲ್ಲಿ ಕಾಳಗವನ್ನು ನಡುವೆಯೇ ತಡೆದು ನಿಲ್ಲಿಸಬಹುದು. ಕೈಚಳಕಕ್ಕಿಂತ ವಿವೇಚನೆಗೆ ಬೆಲೆ ಹೆಚ್ಚು. ಆದ್ದರಿಂದ ಮೊದಲು ಇಂತಹ ಸರದಿಯಾಟಗಳನ್ನೇ ಆರಿಸಿರಿ. ಕೈ ಒರೆಸಿಕೊಳ್ಳಿರಿ, ಹೆಬ್ಬೆರಳನ್ನು ಹಗುರವಾಗಿ ಇಡಿರಿ, ಆಗಾಗ ಆಟವನ್ನು ಸೇವ್ ಮಾಡಿರಿ. ಹಣ ಕೇಳುವ ಯಾವ ಗುಂಡಿಯನ್ನೂ ಹಿರಿಯರಿಗೆ ತಿಳಿಸದೆ ಮುಟ್ಟಬೇಡಿರಿ. ತಾಯಿ ಕರೆದಾಗ, ಕಾಯಬಲ್ಲ ಆಟವನ್ನು ಕಾಯಲು ಬಿಟ್ಟು ಏಳಿರಿ.

ಇನ್ನೊಂದು ಮಾತು. ಅಕ್ಕನ ಮಗನು ಒಂದು ಸಂಜೆ ದಾರಿ ತಿಳಿಯದೆ ನಿಂತುಬಿಟ್ಟನು. ಇಂಗ್ಲಿಷಿನ ಸಾಲುಗಳನ್ನು ನಾವಿಬ್ಬರೂ ನಿಘಂಟು ಹಿಡಿದು ಓದಿದೆವು. ಆಗ ಗುಟ್ಟು ತಿಳಿಯಿತು: ವೀರನು ಹೊಸ ಊರನ್ನು ಹೊಕ್ಕಾಗ ಅಲ್ಲಿನ ಜನರನ್ನು ಮಾತನಾಡಿಸಬೇಕು. ದಾರಿ ಹೇಳುವವರು ಅವರೇ. ಮಾತನಾಡದವನಿಗೆ ಕಥೆ ಮುಂದುವರಿಯದು.

“ಹಾಗಾದರೆ ನೀನು ಈ ಊರಿನಲ್ಲಿ ಎಷ್ಟು ಜನರನ್ನು ಮಾತನಾಡಿಸಿದೆ?” ಎಂದು ನಾವು ಕೇಳಿದೆವು. ಅವನು ಉತ್ತರ ಕೊಡಲಿಲ್ಲ. ಮರುದಿನ ಅಜ್ಮಲ್ ಖಾನ್ ರಸ್ತೆಯಲ್ಲಿ ಕಡಲೆಕಾಯಿ ಮಾರುವವರ ಮುಂದೆ ನಿಂತು, ತಡವರಿಸುತ್ತಲೇ, “ಭೈಯಾ, ಕಿತನೇ ಕಾ?” ಎಂದನು. ಅವರು ಅವನ ಊರನ್ನು ವಿಚಾರಿಸಿದರು.

ಮಿತ್ರರೆ, ನಮ್ಮಲ್ಲಿ ಬಹುಮಂದಿ ಊರು ಬಿಟ್ಟು ಬಂದವರೇ. ಆಟವನ್ನು ಆಡಿರಿ, ಅದರ ಈ ಪಾಠವನ್ನೂ ಬೀದಿಗೆ ತನ್ನಿರಿ. ಸಾಧ್ಯವಾದರೆ ನಿಮ್ಮೂರಿನ ಕೆರೆ, ಜಾತ್ರೆ, ಗುಡಿಗಳನ್ನು ಸೇರಿಸಿ ಕನ್ನಡದಲ್ಲಿಯೇ ಒಂದು ಪಾತ್ರದಾಟವನ್ನು ಹಾಳೆಯ ಮೇಲೆ ರಚಿಸಿರಿ. ದಾಳವೊಂದಿದ್ದರೆ ಸಾಕು, ಫೋನೂ ಬೇಡ. ಆಡಲು ನಾವೂ ಬರುತ್ತೇವೆ.