ಚಳಿಗಾಲದ ಮನೆಯಲ್ಲಿ ಇಬ್ಬರೇ

ದೀಪಾವಳಿ ಕಳೆದು ಮಾರ್ಗಶಿರ ಹಿಡಿಯಿತೆಂದರೆ ಸೊರಬ, ಶಿಕಾರಿಪುರದ ಅಡಿಕೆ ಬೆಳೆಗಾರರ ಮನೆಗಳಲ್ಲಿ ಹಗಲು ಗಿಡ್ಡವಾಗಿ ಕೆಲಸ ಉದ್ದವಾಗುತ್ತದೆ. ದಂಡಾವತಿ, ವರದಾ ನದಿಗಳ ಮಗ್ಗುಲ ತೋಟಗಳಲ್ಲಿಯೂ, ಕುಮುದ್ವತಿಗೆ ಕಟ್ಟಿದ ಅಂಜನಾಪುರ ಜಲಾಶಯದ ಕೆಳಗಿನ ಬಯಲಿನಲ್ಲಿಯೂ ರಾತ್ರಿಯ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಉತ್ತರ ದೇಶದವರಿಗೆ ಇದೂ ಒಂದು ಚಳಿಯೇ ಎನ್ನಿಸಬಹುದು. ಎಪ್ಪತ್ತು ದಾಟಿದ ಮಂಡಿಗಳಿಗೆ ಇದು ಧಾರಾಳವಾಯಿತು.

ವರ್ಷದ ಉಳಿದೆಲ್ಲ ಕಾಲದಲ್ಲಿ ವಯಸ್ಸಾದವರು ಸ್ವಲ್ಪ ಕುಳಿತುಕೊಳ್ಳಬಹುದು. ಈ ಎರಡು ಮೂರು ತಿಂಗಳು ಮಾತ್ರ ಹಾಗಲ್ಲ. ಕೊನೆ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು, ಆರಿಸುವುದು ಎಲ್ಲವೂ ಒಂದರ ಬೆನ್ನಿಗೊಂದು ಬರುತ್ತವೆ. ಕಾಫಿ ಸೀಮೆಯ ನಮ್ಮ ಸದಸ್ಯರಿಗೂ ಇದು ಹೊಸ ಮಾತಲ್ಲ. ಅಲ್ಲಿ ಅರೇಬಿಕಾ ಮುಗಿಯುವ ಹೊತ್ತಿಗೆ ರೊಬಸ್ಟಾ ಹಣ್ಣಾಗಿ ನಿಂತಿರುತ್ತದೆ, ಕಣದ ತುಂಬ ಕಾಫಿ ಹರಡಿರುತ್ತದೆ. ಮನೆಯ ವರ್ಷದ ಅನ್ನವೂ, ಮುದುಕರ ಮೈಗೆ ಅತ್ಯಂತ ಕಷ್ಟದ ಕಾಲವೂ ಒಂದೇ ಋತುವಿನಲ್ಲಿ ಕೂಡಿಬರುವುದು ತೋಟಗಾರರ ಬದುಕಿನ ವಿಶೇಷ.

ಈ ಕೆಲಸಕ್ಕೆ ಹಿಂದೆ ಮನೆ ತುಂಬ ಜನರಿದ್ದರು. ಈಗ ಮಗ ಬೆಂಗಳೂರಿನಲ್ಲಿ, ಮಗಳು ಗಂಡನ ಮನೆಯಲ್ಲಿ. ಹತ್ತಾರು ಅಂಕಣದ ಮನೆಯಲ್ಲಿ ಉಳಿದವರು ಗಂಡ ಹೆಂಡತಿ ಇಬ್ಬರೇ. ಇಂತಹ ಮನೆಗಳು ನಮ್ಮ ಸದಸ್ಯರಲ್ಲಿ ಒಂದೆರಡಲ್ಲವಾದ್ದರಿಂದ ಅವರ ಚಳಿಗಾಲದ ದಿನಚರಿಯನ್ನು ಕುರಿತು ನಾಲ್ಕು ಮಾತು ಬರೆಯಬೇಕೆನ್ನಿಸಿತು.

ಮುಂಜಾನೆಯಿಂದ ಮಲಗುವವರೆಗೆ

ಐದು ಗಂಟೆಗೆ ಮೊದಲು ಏಳುವವರು ಸಾಮಾನ್ಯವಾಗಿ ಮನೆಯಾಕೆ. ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ, ಒಣಗಿದ ಹೆಡೆ ತುರುಕಿ ಹಂಡೆಯ ನೀರು ಕಾಯಲಿಕ್ಕಿಟ್ಟು ಕೊಟ್ಟಿಗೆಗೆ ಹೋಗುತ್ತಾರೆ. ಧನುರ್ಮಾಸದ ಪೂಜೆ ಇರುವ ಮನೆಯಾದರೆ ಬೆಳಕು ಹರಿಯುವ ಮೊದಲೇ ಹುಗ್ಗಿಯ ನೈವೇದ್ಯವೂ ಆಗಬೇಕು. ಯಜಮಾನರು ಕಂಬಳಿ ಹೊದ್ದು ಒಲೆಯ ಮುಂದೆ ಕುಳಿತು ಒಂದು ಲೋಟ ಕಾಫಿ ಕುಡಿದು, ಮಂಜು ಸ್ವಲ್ಪ ಹರಿದ ಮೇಲೆ ತೋಟಕ್ಕೆ ಇಳಿಯುತ್ತಾರೆ. ಕೊನೆ ಕೊಯ್ಯುವವರು ಇಂದು ಬರುತ್ತಾರೋ ನಾಳೆಯೋ ಎಂಬುದೇ ಅವರ ಮೊದಲ ಚಿಂತೆ. ಈಚಿನ ವರ್ಷಗಳಲ್ಲಿ ಕಾರ್ಬನ್ ಫೈಬರ್ ದೋಟಿ ಬಂದು ನೆಲದ ಮೇಲೆ ನಿಂತೇ ಕೊನೆ ಇಳಿಸುವುದು ಸಾಧ್ಯವಾಗಿದೆ. ಆದರೆ ದೋಟಿ ಹಿಡಿಯುವ ಕೈಯೂ ಸಿಗಬೇಕಲ್ಲ!

ಸೊರಬದ ಕಡೆ ಮನೆಯಲ್ಲಿಯೇ ಸುಲಿದು ಬೇಯಿಸುವ ರೂಢಿ ಇನ್ನೂ ಉಳಿದಿದೆ. ಶಿಕಾರಿಪುರದ ಬಯಲಿನಲ್ಲಿ, ಭತ್ತ ಮೆಕ್ಕೆಜೋಳದ ನೆಲಕ್ಕೆ ಅಡಿಕೆ ಹಬ್ಬುತ್ತ ಬಂದ ಕಡೆಗಳಲ್ಲಿ, ಹಸಿ ಅಡಿಕೆಯನ್ನು ಖೇಣಿಗೆ ಕೊಟ್ಟು ನಿಶ್ಚಿಂತರಾಗುವವರು ಹೆಚ್ಚುತ್ತಿದ್ದಾರೆ. ಇಬ್ಬರೇ ಇರುವ ಮನೆಗೆ ಖೇಣಿ ಒಂದು ಅನುಕೂಲವೆಂಬುದು ನಿಜ. ಆದರೆ ಒಂದು ಕ್ವಿಂಟಲ್ ಹಸಿ ಕಾಯಿಗೆ 12ರಿಂದ 14 ಕಿಲೋ ಒಣ ಕೆಂಪಡಿಕೆ ಇಳಿಯುತ್ತದೆಂಬ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ದರ ಮಾತನಾಡಬೇಕು. ಮಾತು ಬಾಯಲ್ಲಿ ಮುಗಿಯದೆ ಕಾಗದದ ಮೇಲೆ ಇರಬೇಕು.

ಮನೆಯಲ್ಲಿಯೇ ಬೇಯಿಸುವವರ ಹಗಲು ಆಕಾಶವನ್ನು ನೋಡುವುದರಲ್ಲಿ ಕಳೆಯುತ್ತದೆ. ಹಂಡೆಯಿಂದ ಇಳಿದ ಅಡಿಕೆಗೆ ಐದಾರು ದಿನ ಒಳ್ಳೆಯ ಬಿಸಿಲು ಬೇಕು. ಪುಷ್ಯದ ಇಬ್ಬನಿಗೆ ಬಿಟ್ಟರೆ ಬೂಸ್ಟು ಹಿಡಿದು ಬಣ್ಣ ಕೆಡುತ್ತದೆ. ಮಧ್ಯಾಹ್ನ ಮೂರರ ನಂತರ ಒಳಗಿನಿಂದ ಕೂಗು ಕೇಳುತ್ತದೆ: "ಏನ್ರೀ, ಮೋಡ ಕಟ್ತಾ ಇದೆ, ಅಡಿಕೆ ಬಾಚಲಿಕ್ಕೆ ಬರ್ತೀರೋ ಇಲ್ವೋ?" "ಬಂದೆ ಮಾರಾಯ್ತಿ, ಮೋಡ ಎಲ್ಲಿಗೂ ಓಡಿಹೋಗೋದಿಲ್ಲ" ಎನ್ನುತ್ತಲೇ ಯಜಮಾನರು ಓಡಿಬರುತ್ತಾರೆ. ಇಬ್ಬರೂ ಸೇರಿ ರಾಶಿ ಮಾಡಿ ಮುಚ್ಚಿ ಸೊಂಟ ನೆಟ್ಟಗೆ ಮಾಡುವ ಹೊತ್ತಿಗೆ ದೀಪ ಹಚ್ಚುವ ಸಮಯ.

ರಾತ್ರಿಯ ಊಟಕ್ಕೆ ಸೊರಬದಲ್ಲಿ ಬಿಸಿ ಅನ್ನ, ಹುರುಳಿ ಕಟ್ಟಿನ ಸಾರು. ಶಿಕಾರಿಪುರದ ಕಡೆ ರೊಟ್ಟಿ, ಅವರೆಕಾಳಿನ ಪಲ್ಯ. ಮೊದಲು ಊಟವಾದ ಮೇಲೆ ಊರವರೆಲ್ಲ ಮೆಟ್ಟುಗತ್ತಿಯ ಮುಂದೆ ಕುಳಿತು ಹರಟುತ್ತ ಅಡಿಕೆ ಸುಲಿಯುತ್ತಿದ್ದರು. ಸುಲಿಯುವ ಯಂತ್ರ ಬಂದು ಕೆಲಸ ಹಗುರವಾಯಿತು, ಆದರೆ ಆ ಹರಟೆಯೂ ಹೋಯಿತು. ಈಗ ಮಗನ ಫೋನ್ ಬರುವವರೆಗೆ ಇಬ್ಬರೂ ಎಚ್ಚರವಾಗಿರುತ್ತಾರೆ. "ಇಲ್ಲೆಲ್ಲ ಆರಾಮ, ಏನೂ ತೊಂದರೆ ಇಲ್ಲ" ಎಂಬುದು ದಿನವೂ ಹೇಳುವ ಮಾತು.

ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ

ನಲವತ್ತು ಐವತ್ತು ವರ್ಷ ಜೊತೆಯಲ್ಲಿ ಬಾಳಿದವರಲ್ಲಿ ಕೆಲಸ ತಾನಾಗಿಯೇ ಪಾಲಾಗಿರುತ್ತದೆ. ಚೊಗರು ಎಷ್ಟು ದಪ್ಪವಾಗಿರಬೇಕು, ಒಬ್ಬೆ ಯಾವಾಗ ಇಳಿಸಬೇಕು, ಯಾವ ಆಳಿಗೆ ಎಷ್ಟು ದಿನದ ಕೂಲಿ ಬಾಕಿ, ಯಜಮಾನರು ಬೆಳಿಗ್ಗೆ ನುಂಗುವ ಮಾತ್ರೆ ಯಾವುದು, ಇವೆಲ್ಲ ಮನೆಯಾಕೆಗೆ ಗೊತ್ತು. ಸಂಘದಲ್ಲಿ ಸಾಲ ಎಷ್ಟಿದೆ, ಮಂಡಿಗೆ ಹೋದ ಚೀಲವೆಷ್ಟು, ಅದರಲ್ಲಿ ರಾಶಿ ಎಷ್ಟು ಬೆಟ್ಟೆ ಎಷ್ಟು ಗೊರಬಲು ಎಷ್ಟು, ತೂಕದ ಚೀಟಿ ಎಲ್ಲಿದೆ, ಪಹಣಿ ಯಾರ ಹೆಸರಿನಲ್ಲಿದೆ, ಇವೆಲ್ಲ ಯಜಮಾನರಿಗೆ ಗೊತ್ತು. ಇಬ್ಬರೂ ಗಟ್ಟಿಯಾಗಿರುವವರೆಗೆ ಇದಕ್ಕಿಂತ ಚಂದದ ಏರ್ಪಾಡು ಬೇರೆಯಿಲ್ಲ.

ಒಬ್ಬರು ಮಲಗಿದ ದಿನ ಇದರ ಕೊರತೆ ಕಾಣಿಸುತ್ತದೆ. ಮನೆಯಾಕೆ ಜ್ವರದಿಂದ ಹಾಸಿಗೆ ಹಿಡಿದರೆ, ನಾಲ್ಕು ಎಕರೆ ತೋಟ ಆಳಿದ ಯಜಮಾನರಿಗೆ ಗಂಜಿ ಕಾಸಲು ಅಕ್ಕಿ ಡಬ್ಬಿ ಎಲ್ಲಿದೆಯೆಂದು ತಿಳಿಯುವುದಿಲ್ಲ. ಯಜಮಾನರು ಆಸ್ಪತ್ರೆ ಸೇರಿದರೆ, ವರ್ಷವಿಡೀ ಅಡಿಕೆ ಒಣಗಿಸಿದ ಮನೆಯಾಕೆ ಅದರ ಹಣವನ್ನು ತೆಗೆಯಲಾರದೆ ಸಂಘದ ಬಾಗಿಲಿನಲ್ಲಿ ನಿಲ್ಲಬೇಕಾಗುತ್ತದೆ. ದುಡಿಮೆ ಇಬ್ಬರದೂ ಆಗಿ, ತಿಳಿವಳಿಕೆ ಅರ್ಧರ್ಧವಾಗಿರುವುದೇ ಇಲ್ಲಿನ ಅಪಾಯ. ನಾವು ಈ ಲೇಖನದಲ್ಲಿ ಒತ್ತಿ ಹೇಳಬಯಸುವುದು ಇದನ್ನೇ.

ಚಳಿಯ ಎಚ್ಚರಿಕೆಗಳು

ಚಳಿಗೆ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುತ್ತದೆ. ಆದ್ದರಿಂದ ಒತ್ತಡದ ಮಾತ್ರೆ ತೆಗೆದುಕೊಳ್ಳುವವರು ಕೊಯ್ಲಿನ ಗಡಿಬಿಡಿಯಲ್ಲಿ ಅದನ್ನು ತಪ್ಪಿಸಬಾರದು. ಹಾಸಿಗೆಯಿಂದ ಎದ್ದವರೇ ನೇರವಾಗಿ ಮಂಜಿನಲ್ಲಿ ತೋಟಕ್ಕೆ ಹೋಗದೆ ಸ್ವಲ್ಪ ಹೊತ್ತು ಮೈ ಬೆಚ್ಚಗೆ ಮಾಡಿಕೊಳ್ಳುವುದು ಒಳ್ಳೆಯದು. ಎದೆ ಹಿಡಿದಂತಾಗಿ ಬೆವರು ಬಂದರೆ "ವಾಯು ಇರಬೇಕು" ಎಂದು ಕಷಾಯ ಕುಡಿದು ಕುಳಿತುಕೊಳ್ಳದೆ ಕೂಡಲೇ ಆಸ್ಪತ್ರೆಗೆ ಹೊರಡಬೇಕು. ಮೆಣಸು, ಜೀರಿಗೆ, ಶುಂಠಿಯ ಕಷಾಯ ನೆಗಡಿಗೆ ಹಿತ, ಎದೆನೋವಿಗೆ ಅದು ಮದ್ದಲ್ಲ.

ಇನ್ನೊಂದು ಮಾತು. ಕೆಂಡದ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಯಲ್ಲಿಟ್ಟು ಕಿಟಕಿ ಬಾಗಿಲು ಭದ್ರಪಡಿಸಿ ಮಲಗಬಾರದು. ಕೆಂಡದಿಂದ ಹೊರಡುವ ಇಂಗಾಲದ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿಯೇ ಪ್ರಾಣ ಹೋಗಬಹುದು. ಮೈ ಕಾಯಿಸಿಕೊಂಡ ಮೇಲೆ ಅಗ್ಗಿಷ್ಟಿಕೆ ಅಂಗಳಕ್ಕೆ ಹೋಗಲಿ, ಕೋಣೆಗೆ ಇನ್ನೊಂದು ಕಂಬಳಿ ಬರಲಿ.

ಜ್ವರ ಬಂದಾಗ

ಸೊರಬ ತಾಲೂಕಿನವರು ಚಳಿಗಾಲದ ಜ್ವರವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಜಗತ್ತಿನ ವೈದ್ಯ ಗ್ರಂಥಗಳಲ್ಲಿ ಈ ತಾಲೂಕಿನ ಒಂದು ಕಾಡಿನ ಹೆಸರು ಸೇರಿಹೋಗಿದೆ. 1957ರಲ್ಲಿ ಇಲ್ಲಿಯ ಕ್ಯಾಸನೂರು ಕಾಡಿನ ಸುತ್ತಮುತ್ತ ಮಂಗಗಳು ಸಾಯುತ್ತಿದ್ದಾಗ ಜನರಿಗೂ ಜ್ವರ ತಗುಲಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸದೊಂದು ವೈರಾಣುವನ್ನು ಪತ್ತೆ ಮಾಡಿದರು. ಅಂದಿನಿಂದ ಅದು ಕ್ಯಾಸನೂರು ಕಾಡಿನ ಕಾಯಿಲೆ, ನಮ್ಮ ಬಾಯಲ್ಲಿ ಮಂಗನ ಕಾಯಿಲೆ. ಅರವತ್ತು ವರ್ಷ ಕಳೆದ ಮೇಲೂ, 2018ರ ಡಿಸೆಂಬರಿನಲ್ಲಿ, ಪಕ್ಕದ ಸಾಗರ ತಾಲೂಕಿನ ಅರಳಗೋಡಿನಲ್ಲಿ ಅದು ಕಾಣಿಸಿಕೊಂಡು ಜೀವಗಳನ್ನು ತೆಗೆದುಕೊಂಡಿತು.

ಇದನ್ನು ಹರಡುವುದು ಕಾಡಿನ ಉಣುಗು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಕಾಲ. ಕೊಟ್ಟಿಗೆಗೆ ಹಾಸಲು, ತೋಟಕ್ಕೆ ಹೊದೆಸಲು ನಾವು ಸೊಪ್ಪಿನ ಬೆಟ್ಟಕ್ಕೆ ದರಕು ತರಲು ಹೋಗುವುದೂ ಇದೇ ಕಾಲದಲ್ಲಿ! ಹೋಗುವ ಮೊದಲು ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಬೇಕು. ಮೈ ತುಂಬ ಬಟ್ಟೆ ಇರಬೇಕು. ಬಂದ ಮೇಲೆ ಬಿಸಿನೀರಿನ ಸ್ನಾನವಾಗಬೇಕು, ಉಟ್ಟ ಬಟ್ಟೆಯನ್ನು ಬಿಸಿನೀರಿಗೆ ಹಾಕಬೇಕು. ಬೆನ್ನಿನ ಮೇಲೆ, ಕಿವಿಯ ಹಿಂದೆ ಉಣುಗು ಕಚ್ಚಿಕೊಂಡಿದೆಯೇ ಎಂಬುದನ್ನು ತಾವೇ ನೋಡಿಕೊಳ್ಳಲಾಗದು. ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ ನೋಡಬೇಕು. ಇಬ್ಬರೇ ಇರುವ ಮನೆಯಲ್ಲಿ ಇದೂ ಒಂದು ನಿತ್ಯದ ಕೆಲಸವಾಗಲಿ.

ಹಠಾತ್ತನೆ ಜ್ವರ ಏರಿ ತಲೆನೋವು, ಮೈಕೈ ನೋವು ವಿಪರೀತವಾದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದನ್ನೂ ಹೇಳಬೇಕು. ಈ ಕಾಯಿಲೆ ಬಂದ ನೂರು ಜನರಲ್ಲಿ 3ರಿಂದ 5 ಮಂದಿ ಉಳಿಯುವುದಿಲ್ಲ. ಇದಕ್ಕೇ ಎಂದು ಪ್ರತ್ಯೇಕ ಔಷಧವಿಲ್ಲ, ಬೇಗ ಆರೈಕೆ ಸಿಗುವುದೇ ಮುಖ್ಯ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಗಿದೆ. ಹಳೆಯ ಸೂಜಿಯನ್ನು ನಂಬಿ ಧೈರ್ಯವಾಗಿರುವುದು ಸಲ್ಲದು. ಒಬ್ಬರಿಂದೊಬ್ಬರಿಗೆ ಇದು ಹರಡುವುದಿಲ್ಲ. ಆದ್ದರಿಂದ ಮಲಗಿದವರ ಶುಶ್ರೂಷೆ ಮಾಡಲು ಅಂಜಬೇಕಾಗಿಲ್ಲ. ಸತ್ತ ಮಂಗವನ್ನು ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಪುಸ್ತಕದಲ್ಲಿ ಇಬ್ಬರ ಹೆಸರು

ಇನ್ನು ಕಾಗದಪತ್ರದ ಮಾತು. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಈ ಭಾಗದ ಅನೇಕ ಗೇಣಿದಾರರು ಭೂನ್ಯಾಯ ಮಂಡಳಿಗೆ ಅರ್ಜಿ ಹಾಕಿ ಜಮೀನಿನ ಒಡೆಯರಾದರು. ಕಷ್ಟಪಟ್ಟು ಪಡೆದ ಆ ನೆಲದ ಪಹಣಿಯಲ್ಲಿ ತೀರಿಹೋದ ಹಿರಿಯರ ಹೆಸರೇ ಇಂದಿಗೂ ಉಳಿದಿರುವ ಮನೆಗಳಿವೆ. ಅಂಥವರು ಪೌತಿ ಖಾತೆಯನ್ನು ತಮ್ಮ ಕಾಲದಲ್ಲಿಯೇ ಮಾಡಿಸಿಕೊಳ್ಳುವುದು ಕ್ಷೇಮ. ಮಕ್ಕಳ ಕಾಲಕ್ಕೆ ವಾರಸುದಾರರು ಹೆಚ್ಚುತ್ತಾರೆ, ತೊಡಕೂ ಹೆಚ್ಚುತ್ತದೆ.

ಸಂಘದ ಷೇರಿಗೆ, ಠೇವಣಿಗೆ ನಾಮನಿರ್ದೇಶನವಾಗಿದೆಯೇ ಎಂದು ಈ ತಿಂಗಳೇ ಕೇಳಿ ನೋಡಿ. ಮೂವತ್ತು ವರ್ಷದ ಹಿಂದೆ ತಾಯಿಯ ಹೆಸರು ಬರೆಸಿ, ಆಕೆ ತೀರಿದ ಮೇಲೂ ಹಾಗೆಯೇ ಬಿಟ್ಟಿರುವುದುಂಟು. ಉಳಿತಾಯ ಖಾತೆಯನ್ನು ಜಂಟಿ ಮಾಡಿ, "ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು" ಎಂಬ ಕ್ರಮದಲ್ಲಿ ಇಟ್ಟರೆ ಒಬ್ಬರು ಆಸ್ಪತ್ರೆಯಲ್ಲಿದ್ದಾಗ ಇನ್ನೊಬ್ಬರ ಸಹಿಗೆ ಹಣ ಸಿಗುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಬರೆಯದೆ ಗಂಡ ತೀರಿಕೊಂಡರೆ ಅವನ ಆಸ್ತಿಯಲ್ಲಿ ಮಕ್ಕಳಷ್ಟೇ ಪಾಲು ಹೆಂಡತಿಗೂ ಉಂಟು. ಇದನ್ನು ಮನೆಯಾಕೆ ತಿಳಿದಿರುವುದರಲ್ಲಿ ಯಾರಿಗೂ ಅಗೌರವವಿಲ್ಲ.

ಸಹಕಾರಿ ಸದಸ್ಯರಿಗೆಂದು 2003ರಲ್ಲಿ ಆರಂಭವಾದ ಯಶಸ್ವಿನಿ ಆರೋಗ್ಯ ಯೋಜನೆ 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ಜಾರಿಗೆ ಬಂದಿತು. ಹೆಸರು ನೋಂದಾಯಿಸುವ ಅವಧಿಯನ್ನು ಸಂಘದಲ್ಲಿ ವಿಚಾರಿಸಿ, ಗಂಡ ಹೆಂಡತಿ ಇಬ್ಬರ ಹೆಸರೂ ಸೇರಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಅಡಿಕೆ ಬೆಳೆಗಾರರು ಒಬ್ಬಂಟಿಯಾಗಿ ಮಂಡಿಗೆ ಹೋದರೆ ನಷ್ಟವೆಂದು ಕಂಡುಕೊಂಡೇ 1939ರಲ್ಲಿ ಶಿವಮೊಗ್ಗದಲ್ಲಿ ಮಾಮ್‌ಕೋಸ್ ಕಟ್ಟಿಕೊಂಡರು. ಬಲ ಕೂಡಿದರೆ ಬದುಕು ಎಂಬುದು ಸಹಕಾರದ ಮೊದಲ ಪಾಠ. ಅದನ್ನು ಮನೆಯೊಳಗೂ ಪಾಲಿಸಬಹುದಲ್ಲವೇ?

ಸಂಕ್ರಾಂತಿಗೆ ಮಕ್ಕಳು ಬರುತ್ತಾರೆ. ಎಳ್ಳುಬೆಲ್ಲ ಹಂಚಿ, ಆಲೆಮನೆಯ ಕಬ್ಬಿನ ಹಾಲು ಕುಡಿದಾದ ಮೇಲೆ ಒಂದು ಗಂಟೆ ಬಿಡುವು ಮಾಡಿಕೊಂಡು ಎಲ್ಲರೂ ಕುಳಿತುಕೊಳ್ಳಿ. ಪಹಣಿ, ಪಾಸ್‌ಪುಸ್ತಕ, ತೂಕದ ಚೀಟಿ, ಸಾಲದ ಕಾಗದ, ಆಸ್ಪತ್ರೆಯ ಚೀಟಿ ಎಲ್ಲವನ್ನೂ ಒಂದೇ ಕೈಚೀಲದಲ್ಲಿಟ್ಟು ಅದರ ಜಾಗವನ್ನು ಇಬ್ಬರೂ ತಿಳಿದಿರಿ. ಒಂದು ನೋಟುಪುಸ್ತಕದಲ್ಲಿ ಯಜಮಾನರು ಸಂಘದ ಲೆಕ್ಕವನ್ನು ಬರೆಯಲಿ. ಅದೇ ಪುಸ್ತಕದ ಇನ್ನೊಂದು ತುದಿಯಿಂದ ಮನೆಯಾಕೆ ಕೂಲಿಯ ಲೆಕ್ಕವನ್ನೂ ಮಾತ್ರೆಗಳ ಹೆಸರನ್ನೂ ಬರೆಸಲಿ. ಯಜಮಾನರು ಗಂಜಿ ಕಾಸುವುದನ್ನು ಕಲಿಯಲಿ, ಮನೆಯಾಕೆ ಒಂದು ಸಲವಾದರೂ ಸಂಘದ ಕಚೇರಿಗೆ ಬಂದು ತಮ್ಮ ಖಾತೆಯನ್ನು ಕಣ್ಣಾರೆ ನೋಡಲಿ. ಬರುವವರಿಗೆ ನಮ್ಮ ಸಿಬ್ಬಂದಿ ಕುರ್ಚಿ ಕೊಟ್ಟು ವಿವರಿಸಬೇಕೆಂದು ಇದೇ ಪುಟದಲ್ಲಿ ಕೇಳಿಕೊಳ್ಳುತ್ತೇವೆ.